ಅವರಿಗೆ ಒಂದು ಮಾತು ಹೇಳಿದ್ದೀರಾ?

ಪ್ರಶ್ನೆ: ನನಗೆ 28 ವರ್ಷ. ಫಿಲಿಪ್ ಪುಲ್‌ಮನ್ ಅವರ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಸರಣಿಯ ಮೂರೂ ಕಾದಂಬರಿ ಓದಿ ಮುಗಿಸಿದೆ. ಅದರಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುವ ಲೈರಾ, ವಿಲ್ ಕೊನೆಗೆ ಬೇರೆಯಾಗುವುದನ್ನು ಓದಿದಾಗಿನಿಂದ ನೆನೆಸಿಕೊಂಡರೆ ಅಳು ಬರುತ್ತದೆ. ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಾನು ಪ್ರೀತಿಸುತ್ತಿರುವವರಿಗೆ ಡಬ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ. ಅಮ್ಮನನ್ನು ಒಬ್ಬರೇ ಬಿಟ್ಟು ನಾನು ಹೋಗಲಾರೆ. ಅವರಿಗೆ ಅಡ್ಡಿಯಾಗುವ ಬದಲು ಏನೂ ಹೇಳದೆ ದೂರವಾಗಿಬಿಡಲೇ?
– ಹೆಸರು ಬೇಡ, ಮೈಸೂರು

ಉತ್ತರ: ಅಳು ಬಂದರೆ ಅತ್ತುಬಿಡಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 2000ದಲ್ಲಿ ಬಂದ ಆ ಕೊನೆಯ ಸಂಪುಟ ಓದಿದವರು ಆಕ್ಸ್‌ಫರ್ಡ್‌ನ ಬೊಟಾನಿಕ್ ಗಾರ್ಡನ್‌ಗೆ ಹೋಗಿ, ಕತೆಯಲ್ಲಿ ಬರುವ ಮರದ ಬೆಂಚು ಹುಡುಕಿ, ಅದರ ಮೇಲೆ ಇಬ್ಬರ ಹೆಸರು ಕೆತ್ತಿ ಬಂದಿದ್ದಾರೆ.

ನಿಮ್ಮ ಪತ್ರದ ಕೊನೆಯ ಸಾಲು ಓದಿ ಮಾತ್ರ ನನಗೆ ಕಳವಳವಾಯಿತು.

ಲೈರಾ, ವಿಲ್ ಯಾಕೆ ಅಗಲಿದರು, ಇನ್ನೊಮ್ಮೆ ಯೋಚಿಸಿ. ಇಬ್ಬರೂ ಬೇರೆ ಬೇರೆ ಲೋಕದವರು. ಲೋಕಗಳ ನಡುವಿನ ಕಿಂಡಿಗಳನ್ನೆಲ್ಲ ಮುಚ್ಚಲೇಬೇಕಿತ್ತು. ಒಂದನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು, ಅದನ್ನೂ ಸತ್ತವರ ಬಿಡುಗಡೆಗೆಂದು ಬಿಟ್ಟುಕೊಟ್ಟರು. ಬೇರೆ ಲೋಕದಲ್ಲಿ ನೆಲೆಸಿದರೆ ಹತ್ತು ವರ್ಷದೊಳಗೆ ಜೀವ ಸವೆದುಹೋಗುತ್ತದೆ. ವಿಲ್‌ನ ತಂದೆ ಹಾಗೆಯೇ ಕಾಯಿಲೆ ಬಿದ್ದಿದ್ದರು. ಇಷ್ಟು ಗೊತ್ತಿದ್ದೂ ‘ನಾನು ಬರ್ತೀನಿ’ ಎಂದು ಅವನೂ ಹೇಳಿದ, ಅವಳೂ ಹೇಳಿದಳು. ಇರುವ ದಾರಿಗಳನ್ನೆಲ್ಲ ಇಬ್ಬರೂ ಸೇರಿ ತಡಕಾಡಿ, ಒಂದೂ ಸಿಗದಿದ್ದಾಗ ಒಪ್ಪಿಕೊಂಡರು. ವರ್ಷಕ್ಕೊಮ್ಮೆ, ನಡುಬೇಸಿಗೆಯ ದಿನ ಮಧ್ಯಾಹ್ನ, ತಂತಮ್ಮ ಲೋಕದ ಅದೇ ಬೆಂಚಿನ ಮೇಲೆ ಒಂದು ಗಂಟೆ ಕೂರುವುದೆಂದು ಮಾತು ಕೊಟ್ಟುಕೊಂಡದ್ದೂ ಇಬ್ಬರೇ.

ನೀವು ಆ ಪ್ರೀತಿಯನ್ನು ಮೆಚ್ಚಿದ್ದೀರಿ, ಆದರೆ ಮಾಡಹೊರಟಿರುವುದು ಬೇರೆಯದೇ. ಅವರ ಪಾಲಿನ ತೀರ್ಮಾನವನ್ನೂ ನೀವೇ ತೆಗೆದುಕೊಳ್ಳುತ್ತಿದ್ದೀರಿ. ನಾಳೆ ಕಾರಣ ಗೊತ್ತಿಲ್ಲದೆ ಅವರು ‘ನಾನೇನು ತಪ್ಪು ಮಾಡಿದೆ’ ಎಂದು ಕೊರಗಬೇಕೇ? ಡಬ್ಲಿನ್ ಎಷ್ಟು ದೂರವಾದರೂ ಇದೇ ಲೋಕದಲ್ಲಿದೆ, ಅಲ್ಲಿಗೆ ಫೋನ್ ಹೋಗುತ್ತದೆ, ವಿಮಾನ ಹೋಗುತ್ತದೆ.

ಅವರು ಕೆಲಸ ಒಪ್ಪಿಕೊಳ್ಳುವ ಮೊದಲೇ ಎದುರು ಕೂತು ಮಾತಾಡಿ. ವಾಟ್ಸಾಪ್‌ನಲ್ಲಿ ಬೇಡ. ಎಷ್ಟು ವರ್ಷದ ಕೆಲಸ, ವರ್ಷಕ್ಕೆ ಎಷ್ಟು ಸಲ ಬರಬಹುದು, ಕಾಯುವುದಾದರೆ ಎಲ್ಲಿಯವರೆಗೆ, ಎಲ್ಲವನ್ನೂ ಕೇಳಿ. ಅಮ್ಮನನ್ನೂ ಕೇಳಿ; ಅವರ ಮನಸ್ಸಿನಲ್ಲೇನಿದೆ ಎಂದು ನೀವು ಬರೆದೇ ಇಲ್ಲ. ಇಷ್ಟಾದ ಮೇಲೂ ಅಗಲಲೇಬೇಕಾದರೆ ಇಬ್ಬರೂ ತಿಳಿದೇ ಅಗಲುತ್ತೀರಿ. ಆಗಲೂ ನೋವಾಗುತ್ತದೆ, ಆಗುವುದಿಲ್ಲ ಎಂದು ನಾನು ಹೇಳಲಾರೆ.

ಅಂದಹಾಗೆ ಲೈರಾಳ ಕತೆ ಅಲ್ಲಿಗೇ ಮುಗಿದಿಲ್ಲ. 2019ರಲ್ಲಿ ಬಂದ ಕಾದಂಬರಿಯಲ್ಲಿ ಇಪ್ಪತ್ತರ ಯುವತಿಯಾಗಿ ಮತ್ತೆ ಬರುತ್ತಾಳೆ. ಓದುವಿರಂತೆ, ಅವರೊಂದಿಗೆ ಮಾತಾಡಿದ ಮೇಲೆ.