ಮೇಸ್ತ್ರಿ ಮಾತು ಕೇಳುವ ಹುಡುಗ ಅಪ್ಪನ ಮಾತು ಯಾಕೆ ಕೇಳಲಿಲ್ಲ?

(2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಗುರುತು ಬಹಿರಂಗಪಡಿಸುವಂತಿಲ್ಲ. ಹೆಸರು, ವಿವರ ಬದಲಿಸಿದ್ದೇನೆ.)

ಚೇತನ್‌ಗೆ 16 ವರ್ಷ. ಗೆಳೆಯರ ಜೊತೆ ಸೇರಿ ಬೈಕ್ ಕದ್ದ ಪ್ರಕರಣ. ಬಾಲನ್ಯಾಯ ಮಂಡಳಿ ಅವನ ಜೊತೆ ತಂದೆ-ತಾಯಿಯನ್ನೂ ಆಪ್ತಸಲಹೆಗೆ ನನ್ನ ಬಳಿ ಕಳಿಸಿತ್ತು. "ದೊಡ್ಡೋರ ಮಾತಿಗೆ ಕವಡೆ ಕಿಮ್ಮತ್ತೂ ಕೊಡಲ್ಲ ಮೇಡಂ" ಎಂದು ತಂದೆ ಕೂತ ಕೂಡಲೇ ಶುರು ಮಾಡಿದರು.

ತಂದೆ ಲಾರಿ ಚಾಲಕರು. ವಾರಕ್ಕೊಮ್ಮೆ ಮನೆಗೆ ಬಂದಾಗ ಅಷ್ಟೂ ದಿನದ ಲೆಕ್ಕ ಒಟ್ಟಿಗೇ ಕೇಳಿ ಬೆಲ್ಟ್ ಬಿಚ್ಚುತ್ತಿದ್ದರು. ಉಳಿದ ದಿನ ತಾಯಿಯದು "ಅಪ್ಪ ಬರ್ಲಿ, ಇರು" ಅನ್ನೋ ಮಾತೊಂದೇ. ಶಾಲೆಯಲ್ಲಿ ಪದೇ ಪದೇ ತರಗತಿಯ ಹೊರಗೆ ನಿಲ್ಲಿಸುತ್ತಿದ್ದರು. ಒಮ್ಮೆ ಸಿಕ್ಕಿಬಿದ್ದ ಮೇಲೆ ಏರಿಯಾದಲ್ಲಿ ಯಾರ ಗಾಡಿ ಕಾಣೆಯಾದರೂ ಮೊದಲು ತಟ್ಟುತ್ತಿದ್ದುದು ಇವನ ಮನೆ ಬಾಗಿಲು. "ಮಾಡಿದ್ರೂ ಬೈಗುಳ, ಮಾಡದಿದ್ರೂ ಬೈಗುಳ. ಫ್ರೆಂಡ್ಸ್ ಹಾಗಲ್ಲ" ಅಂದ.

ಗ್ಯಾರೇಜಿನ ಮಾತು ಬಂದಾಗ ಮಾತ್ರ ಮುಖ ಎತ್ತಿದ. ಸಂಜೆ ಅಲ್ಲಿ ಕೆಲಸ ಕಲಿಯುತ್ತಿದ್ದ. ಸ್ಪ್ಯಾನರ್ ತೆಗೆದ ಜಾಗದಲ್ಲೇ ಇಡದಿದ್ದರೆ ಮೇಸ್ತ್ರಿ ಅವತ್ತು ಗಾಡಿ ಮುಟ್ಟಗೊಡುತ್ತಿರಲಿಲ್ಲ. ಕೋಪ ಬರಲ್ವಾ ಅಂದೆ. "ಯಾಕೆ ಅಂತ ಹೇಳ್ತಾರೆ ಮೇಡಂ. ನಾಳೆ ಬಾ ಅಂತಾನೂ ಹೇಳ್ತಾರೆ."

ನನಗೆ ಇಡೀ ಪ್ರಕರಣದ ಕೀಲಿ ಸಿಕ್ಕಿದ್ದು ಇಲ್ಲಿ. ಕಾರಣ ಹೇಳುವ, ಅವತ್ತಿಗೇ ಮುಗಿಯುವ ಶಿಸ್ತನ್ನು ಇವನು ಒಪ್ಪುತ್ತಾನೆ. ಇಂಥ ಮಕ್ಕಳನ್ನು ಹಠಮಾರಿ ಎಂದು ಬರೆದು ಕಡತ ಮುಚ್ಚುವುದು ಅನ್ಯಾಯ.

ತಂದೆಗೆ ಹೇಳಿದೆ: ಬೆಲ್ಟ್ ಪೂರ್ತಿ ನಿಲ್ಲಬೇಕು. ದಿನಾ ರಾತ್ರಿ ದಾರಿಯಿಂದಲೇ ಫೋನ್ ಮಾಡಿ. ಊಟ, ಗ್ಯಾರೇಜು, ಏನಾದರೂ ಮಾತಾಡಿ, ವಿಚಾರಣೆ ಬೇಡ. ನೆಂಟರ ಮುಂದೆ ಕೇಸಿನ ಸುದ್ದಿ ಎತ್ತಲೇಬೇಡಿ. ತಾಯಿಗೆ: ನಿಯಮ ನೀವೇ ಹೇಳಿ, ಅಪ್ಪನ ಹೆಸರಲ್ಲಿ ಬೇಡ. ಎಂಟೂವರೆಗೆ ಮನೆ ಸೇರಬೇಕು, ತಪ್ಪಿದರೆ ಮರುದಿನ ಮೊಬೈಲ್ ಇಲ್ಲ. ಅಲ್ಲಿಗೆ ಮುಗೀತು. ಗ್ಯಾರೇಜನ್ನು ಮಾತ್ರ ಶಿಕ್ಷೆಯಾಗಿ ತಪ್ಪಿಸಬೇಡಿ, ಅವನು ಗೌರವಿಸುವ ಒಬ್ಬ ಹಿರಿಯ ಇರುವುದು ಅಲ್ಲೇ.

ಚೇತನ್‌ನನ್ನೂ ಸುಮ್ಮನೆ ಬಿಡಲಿಲ್ಲ. ಗಾಡಿ ಕಳಕೊಂಡವರು ಮಾರನೇ ದಿನ ಕೆಲಸಕ್ಕೆ ಹೇಗೆ ಹೋದರು ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಅದು ಯೋಚನೆ ಮಾಡಿರ್ಲಿಲ್ಲ" ಅಂದ. ಈ ಬಗ್ಗೆ ಇನ್ನೂ ಮಾತಾಡುವುದಿದೆ. ಈ ಪ್ರಕರಣ ಮುಂದೆ ಅವನಿಗೆ ಅನರ್ಹತೆಯಾಗದು ಎಂದು ಬಾಲನ್ಯಾಯ ಕಾಯ್ದೆಯ 24ನೇ ಕಲಂ ತೋರಿಸಿ ವಿವರಿಸಿದೆ.

"ಹಾಗಾದ್ರೆ ಐಟಿಐ ಸೇರಬಹುದಾ?" ಅಂದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಉಳಿದಿದೆ. ಮುಂದಿನ ಭೇಟಿಗೆ ಅಂಕಪಟ್ಟಿ ತರಲು ಹೇಳಿದ್ದೇನೆ, ಮರುಪರೀಕ್ಷೆಯ ಅರ್ಜಿ ಇಲ್ಲೇ ಕೂತು ತುಂಬುತ್ತೇವೆ.