ಸಾಕುಪ್ರಾಣಿ ಪ್ರಶ್ನೋತ್ತರ: ಶೆಲ್ಟರಿನಿಂದ ವಯಸ್ಸಾದ ಬೆಕ್ಕು ತರುವವರಿಗೆ

ಪ್ರಶ್ನೆ: ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೇ. ಠಾಣೆ ಊರಿನ ಕಡೆಯ ಶೆಲ್ಟರೊಂದರಲ್ಲಿ 11 ವರ್ಷದ ಹೆಣ್ಣು ಬೆಕ್ಕಿದೆ. ಸಾಕಿದವರು ತೀರಿಕೊಂಡ ಮೇಲೆ ಅಲ್ಲಿಗೆ ಬಂತಂತೆ. ಮುದಿ ಬೆಕ್ಕಿಗೆ ಬರೀ ಆಸ್ಪತ್ರೆ ಖರ್ಚು, ಮರಿ ತನ್ನಿ ಎನ್ನುತ್ತಾರೆ ನೆರೆಯವರು. ಏನು ಮಾಡಲಿ?
– ಓದುಗಿ, ಡೊಂಬಿವಲಿ

ಧಾರಾಳವಾಗಿ ತನ್ನಿ. ಮನೆಯೊಳಗೇ ಇರುವ ಬೆಕ್ಕು 15-16 ವರ್ಷ ಬಾಳುವುದು ಮಾಮೂಲು, 20 ಮುಟ್ಟುವವೂ ಇವೆ. ಮರಿಯಾದರೆ ಪರದೆ ಹತ್ತುತ್ತದೆ, ಕಾಲಿಗೆ ಅಡ್ಡ ಬರುತ್ತದೆ. ಅತ್ತೆ ಎಡವಿ ಬೀಳುವ ಭಯ ಬೇರೆ. ಹನ್ನೊಂದರ ಬೆಕ್ಕಿನ ಸ್ವಭಾವ ಎಂಥದ್ದೆಂದು ಇವತ್ತೇ ನೋಡಬಹುದು. ಅತ್ತೆಯನ್ನೂ ಕರೆದುಕೊಂಡು ಹೋಗಿ ಅರ್ಧ ಗಂಟೆ ಅದರ ಪಕ್ಕ ಕೂತು ಬನ್ನಿ.

ಖರ್ಚಿನ ಮಾತು ಸುಳ್ಳಲ್ಲ. ಆದರೆ ಯಾವ ಖರ್ಚು ಬರಬಹುದೆಂದು ಮೊದಲೇ ಬಹುಮಟ್ಟಿಗೆ ಗೊತ್ತುಮಾಡಿಕೊಳ್ಳಬಹುದು. ಸಂತಾನಹರಣ ಆಗಿದೆಯೇ, ರೇಬೀಸ್ ಮತ್ತು ಟ್ರೈಕ್ಯಾಟ್ (ಮೂರು ರೋಗಕ್ಕೆ ಒಟ್ಟಿಗೆ ಕೊಡುವ) ಲಸಿಕೆ ಯಾವ ತಾರೀಖಿನದು, ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ ಮತ್ತು ಲ್ಯುಕೇಮಿಯಾ ವೈರಸ್ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಶೆಲ್ಟರಿನಲ್ಲಿ ಕೇಳಿ, ಕಾಗದ ಪಡೆಯಿರಿ. ಆಮೇಲೆ ನಿಮ್ಮ ಪಶುವೈದ್ಯರ ಹತ್ತಿರ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿ. ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ಕಸದ ಅಂಕಿ ಮಾತ್ರ ನೋಡಿ ಕಿಡ್ನಿ ಚೆನ್ನಾಗಿದೆ ಎನ್ನುವುದು ಸಾಲದು. ಕಿಡ್ನಿಯ ಶಕ್ತಿ ಸುಮಾರು ಮುಕ್ಕಾಲು ಪಾಲು ಹೋದ ಮೇಲೆ ಆ ಅಂಕಿ ಏರುತ್ತದೆ. ಎಸ್‌ಡಿಎಂಎ ಎಂಬ ಇನ್ನೊಂದು ರಕ್ತಪರೀಕ್ಷೆ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಮೂತ್ರದ ಸಾಂದ್ರತೆ 1.035ಕ್ಕಿಂತ ಕಡಿಮೆಯಿದ್ದರೆ ಅದನ್ನೂ ಗಮನಕ್ಕೆ ತಂದುಕೊಳ್ಳಬೇಕು. ಜೊತೆಗೆ ಥೈರಾಯ್ಡಿನ ಟಿ4 ಹಾರ್ಮೋನ್, ಸಕ್ಕರೆ, ರಕ್ತದೊತ್ತಡ ಇವನ್ನೂ ನೋಡಿಸಿ. ಹೆದರಿದ ಬೆಕ್ಕಿನ ಒತ್ತಡ ಸುಮ್ಮನೆ ಏರಿರುತ್ತದೆ, ಆದ್ದರಿಂದ ಮೊದಲ ಅಳತೆ ಬಿಟ್ಟು ಐದಾರು ಸಲ ಅಳೆದು ಸರಾಸರಿ ಹಿಡಿಯಲು ಹೇಳಿ. ಒತ್ತಡದ ಮೇಲಿನ ಅಂಕಿ ಮತ್ತೆ ಮತ್ತೆ 160 ದಾಟಿದರೆ ಔಷಧಿ ಬೇಕಾಗಬಹುದು; ನಿರ್ಲಕ್ಷಿಸಿದರೆ ಬೆಕ್ಕು ಇದ್ದಕ್ಕಿದ್ದಂತೆ ಕುರುಡಾಗುವುದುಂಟು. ಬಾಯಿ ಬಿಡಿಸಿ ಒಸಡನ್ನೂ ನೋಡಿಸಿ.

ಕಿಡ್ನಿ ತೊಂದರೆ ಶುರುವಾಗಿದೆ ಎಂದು ಗೊತ್ತಾದರೂ ಬೇಡವೆನ್ನಬೇಡಿ. ಬೇಗ ಸಿಕ್ಕಿದರೆ ರಂಜಕ ಕಡಿಮೆಯಿರುವ ಆಹಾರ, ಹೆಚ್ಚು ನೀರು ಇವುಗಳಿಂದಲೇ ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಖಾಸಗಿ ಕ್ಲಿನಿಕ್ಕು ದುಬಾರಿಯೆನಿಸಿದರೆ ಮುಂಬೈ ಪರೇಲಿನ ಬಾಯಿ ಸಕರಬಾಯಿ ಪ್ರಾಣಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಬೆಕ್ಕು ಬರುವ ಮೊದಲು ಕಿಟಕಿ ನೋಡಿಕೊಳ್ಳಿ. ಗ್ರಿಲ್ ಸಂದಿಯಲ್ಲಿ ತಲೆ ತೂರಿದರೆ ಸಾಮಾನ್ಯವಾಗಿ ಮೈಯೂ ತೂರುತ್ತದೆ. ಪಾರಿವಾಳಕ್ಕೆಂದು ಕಟ್ಟುವ ನೈಲಾನ್ ಬಲೆಯನ್ನು ಅದು ಕಚ್ಚಿ ಹರಿಯಬಲ್ಲದು. ಸ್ಟೀಲ್ ಜಾಲರಿ ಹಾಕಿಸಿ.

ಪ್ರಶ್ನೆ: 12 ವರ್ಷದ ಗಂಡು ಬೆಕ್ಕು ತಂದು ಎರಡು ದಿನ. ಮಂಚದ ಕೆಳಗಿಂದ ಹೊರಗೆ ಬರುತ್ತಿಲ್ಲ, ತಿಂದೂ ಇಲ್ಲ. ಒಮ್ಮೆ ಟ್ರೇ ಪಕ್ಕದಲ್ಲೇ ಉಚ್ಚೆ ಮಾಡಿತು. ವಾಪಸು ಕೊಟ್ಟುಬಿಡೋಣವೇ?
– ಓದುಗ, ಕೋಥ್ರೂಡ್, ಪುಣೆ

ಇದನ್ನು ಓದಿದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಅಡಗಿ ಕೂರುವುದು ಸಹಜ. ಎರಡು ದಿನ ಉಪವಾಸ ಇರುವುದು ಸಹಜವಲ್ಲ. ಬೆಕ್ಕು ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ಬಂದು ತುಂಬಿ ಅದು ಕೆಲಸ ನಿಲ್ಲಿಸಬಹುದು. ದಪ್ಪಗಿರುವ ಬೆಕ್ಕಿಗೆ ಈ ಅಪಾಯ ಹೆಚ್ಚು. ಉಚ್ಚೆಗೆ ತಿಣುಕುತ್ತಿದ್ದರೆ, ಏನೂ ಬರದಿದ್ದರೆ ಫೋನ್ ಮಾಡಿ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಒಯ್ಯಿರಿ. ಗಂಡು ಬೆಕ್ಕಿನ ಮೂತ್ರನಾಳ ಕಟ್ಟಿಕೊಂಡರೆ ಜೀವಕ್ಕೇ ಸಂಚಕಾರ.

ಇನ್ನು ಮನೆಯಲ್ಲಿ ಮಾಡಬೇಕಾದ್ದು. ಇಡೀ ಮನೆ ಬಿಟ್ಟುಕೊಡಬೇಡಿ, ಒಂದೇ ಕೋಣೆ ಸಾಕು. ಶೆಲ್ಟರಿನಲ್ಲಿ ತಿನ್ನುತ್ತಿದ್ದುದನ್ನೇ ತಂದು, ಬಿಸಿನೀರಿನ ಬಟ್ಟಲಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ ಇಡಿ. ಮುದಿ ಬೆಕ್ಕಿಗೆ ಮೂಗು ಮಂದ. ಫ್ರಿಜ್ಜಿನಿಂದ ತೆಗೆದದ್ದರ ವಾಸನೆಯೇ ಅದಕ್ಕೆ ಹತ್ತುವುದಿಲ್ಲ. ಕೈಹಾಕಿ ಎಳೆಯಬೇಡಿ. ಎರಡು ಕಡೆ ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆ ಇಟ್ಟು, ಒಳಗೆ ಶೆಲ್ಟರಿನ ಹಳೆ ಬಟ್ಟೆ ಹಾಸಿ, ನೀವು ನೆಲದ ಮೇಲೆ ಸುಮ್ಮನೆ ಕೂತಿರಿ.

ಟ್ರೇ ಪಕ್ಕದಲ್ಲಿ ಹೋಗಿದ್ದನ್ನು ಹಟ ಅನ್ನಬೇಡಿ. ಈ ವಯಸ್ಸಿನ ಬಹುಪಾಲು ಬೆಕ್ಕುಗಳಿಗೆ ಕೀಲು ಸವೆದಿರುತ್ತದೆ. ಎತ್ತರದ ಅಂಚು ದಾಟುವಾಗ ನೋಯುತ್ತದೆ. ಬೆಕ್ಕಿನ ಒಂದೂವರೆ ಪಟ್ಟು ಉದ್ದದ ಪ್ಲಾಸ್ಟಿಕ್ ಡಬ್ಬಿ ತಂದು, ಒಂದು ಬದಿಯನ್ನು ಗರಗಸದಿಂದ ಕತ್ತರಿಸಿ ತಳದಿಂದ 6-8 ಸೆಂ.ಮೀ. ಮಾತ್ರ ಬಿಡಿ. ಕತ್ತರಿಸಿದ ಅಂಚಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಹೊಟ್ಟೆ ಗೀರುತ್ತದೆ. ನುಣ್ಣನೆಯ, ವಾಸನೆ ಹಾಕದ ಲಿಟರ್ (ಟ್ರೇಗೆ ತುಂಬುವ ಮರಳಿನಂಥ ಪುಡಿ) ಎರಡು ಇಂಚು ಸಾಕು. ವಾಷಿಂಗ್ ಮೆಷಿನ್ ಪಕ್ಕ ಬೇಡ.

ಪೂರ್ತಿ ಹೊಂದಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಎರಡು ದಿನಕ್ಕೆ ವಾಪಸಿನ ಮಾತು ದಯವಿಟ್ಟು ಬೇಡ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಮೊಸರನ್ನ, ಹಾಲು ಕೊಟ್ಟು ಸಾಕಬಹುದೇ?
– ಓದುಗಿ, ಮಾಟುಂಗಾ

ಆಗದು. ಬೆಕ್ಕಿನ ಮೈ ಟಾರಿನ್ ಎಂಬ ಸತ್ವವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಆಹಾರದಿಂದಲೇ ಬರಬೇಕು, ಸಹಜವಾಗಿ ಸಿಗುವುದು ಮಾಂಸ, ಮೀನಿನಲ್ಲಿ. ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಲಿಗೆ ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಭೇದಿ. ಮನೆಯಲ್ಲಿ ಮೀನು ಬೇಯಿಸಬೇಕೆಂದೇನಿಲ್ಲ. ‘ಸಂಪೂರ್ಣ ಆಹಾರ’ ಎಂದು ನಮೂದಿಸಿದ ಬೆಕ್ಕಿನ ಮಾಂಸಾಹಾರದ ಪೌಚ್ ಕತ್ತರಿಸಿ, ಬೇರೆ ತಟ್ಟೆ ಚಮಚ ಇಟ್ಟುಕೊಂಡರಾಯಿತು. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಪೌಚ್ ಕೂಡ ಮನೆಗೆ ಒಗ್ಗದೆಂದರೆ ಬೆಕ್ಕನ್ನು ತರದಿರುವುದೇ ಸರಿ.

ಪ್ರಶ್ನೆ: ಮಳೆಗಾಲದಲ್ಲಿ ಉಣ್ಣೆ, ಚಿಗಟ ಹೆಚ್ಚು. ನಾಯಿಗೆ ಹಾಕುವ ಡ್ರಾಪ್ಸನ್ನು ಬೆಕ್ಕಿಗೂ ಹಾಕಬಹುದೇ? ಕಾಯಿಲೆ ಬಂದರೆ ಗೊತ್ತಾಗುವುದು ಹೇಗೆ?
– ಓದುಗ, ಮಡಗಾಂವ್

ಹಾಕಲೇಬೇಡಿ. ನಾಯಿಯ ಕೆಲವು ಡ್ರಾಪ್ಸುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿಗೆ ನಡುಕ, ಸೆಳೆತ ಬಂದು ಸಾಯಬಹುದು. ಪ್ಯಾರಾಸಿಟಮಾಲ್ ಕೂಡ ಅಷ್ಟೇ ವಿಷ, ಅರ್ಧ ಮಾತ್ರೆಯೂ ಬೇಡ.

ಬೆಕ್ಕು ನೋವನ್ನು ಬಚ್ಚಿಡುತ್ತದೆ, ತಕ್ಕಡಿ ಬಚ್ಚಿಡುವುದಿಲ್ಲ. ಎರಡು ವಾರಕ್ಕೊಮ್ಮೆ ತೂಗಿ ಬರೆದಿಡಿ. 4 ಕಿಲೋ ಬೆಕ್ಕು 400 ಗ್ರಾಂ ಇಳಿಯಿತೆಂದರೆ ಮೈಯ ಹತ್ತನೇ ಒಂದು ಪಾಲು ಹೋಯಿತು. ಟ್ರೇಯಲ್ಲಿ ಉಚ್ಚೆಗೆ ಲಿಟರ್ ಅಂಟಿ ಆಗುವ ಉಂಡೆಗಳು ದೊಡ್ಡದಾಗುತ್ತ ಬಂದರೆ ಕಿಡ್ನಿ ಅಥವಾ ಸಕ್ಕರೆಯ ಅನುಮಾನ ಪಡಬೇಕು. ಚೆನ್ನಾಗಿ ತಿಂದೂ ಸೊರಗುತ್ತ, ರಾತ್ರಿ ಗಟ್ಟಿಯಾಗಿ ಕೂಗುತ್ತಿದ್ದರೆ ಥೈರಾಯ್ಡ್ ನೋಡಿಸಿ. ಬೆನ್ನಿನ ಕೂದಲು ಜಡೆಗಟ್ಟಿದರೆ ಬಗ್ಗಿ ನೆಕ್ಕಿಕೊಳ್ಳಲು ನೋಯುತ್ತಿದೆ ಎಂದುಕೊಳ್ಳಿ. ಗಂಟನ್ನು ಕತ್ತರಿಯಿಂದ ಕತ್ತರಿಸಬೇಡಿ, ತೆಳು ಚರ್ಮವೂ ಜೊತೆಗೆ ಬರುತ್ತದೆ, ಕ್ಲಿನಿಕ್ಕಿನಲ್ಲಿ ಮೆಷಿನ್ನಿನಿಂದ ತೆಗೆಸಿ.