1930ರ ದಶಕದ ಬ್ಯಾಂಕ್ ದರೋಡೆಕೋರರನ್ನ ಹಾಲಿವುಡ್ ಸಿನಿಮಾಗಳು ಯಾಕೆ ಹೀರೋ ಥರ ತೋರಿಸ್ತವೆ?

ಮುಖ್ಯ ಕಾರಣ ಆಗಿನ ಜನರ ಸಿಟ್ಟು. 1930-33ರಲ್ಲಿ ಅಮೆರಿಕದಲ್ಲಿ ಸಾವಿರಾರು ಬ್ಯಾಂಕ್ ಮುಳುಗಿದ್ವು, ಡೆಪಾಸಿಟ್‌ಗೆ ಇನ್ಶೂರೆನ್ಸೂ ಇರ್ಲಿಲ್ಲ, ರೈತರ ಜಮೀನು ಬೇರೆ ಹರಾಜಾಗ್ತಿತ್ತು, ಹಂಗಾಗಿ ಬ್ಯಾಂಕಿಗೆ ಕನ್ನ ಹಾಕ್ದೋನು ನಮ್ಮ ಸೇಡು ತೀರಿಸ್ದ ಅಂತ ಎಷ್ಟೋ ಜನಕ್ಕೆ ಅನ್ಸಿತ್ತು. ಸಿನಿಮಾದವ್ರು ಹಿಡ್ಕೊಂಡಿದ್ದು ಇದನ್ನೇ.

ಬಾನಿ, ಕ್ಲೈಡ್ ಅನ್ನೋ ನಿಜವಾದ ದರೋಡೆಕೋರ ಜೋಡಿ ಮೇಲೆ ಬಂದ 1967ರ 'ಬಾನಿ ಅಂಡ್ ಕ್ಲೈಡ್' ಸಿನಿಮಾ ನೋಡಿ, ಬ್ಯಾಂಕು ಮನೆ ಕಿತ್ಕೊಂಡ ರೈತನ ಕೈಗೆ ಕ್ಲೈಡ್ ಗನ್ ಕೊಟ್ಟು ಬ್ಯಾಂಕಿನ ಬೋರ್ಡಿಗೆ ಗುಂಡು ಹೊಡಿಸ್ತಾನೆ, ಸೀನ್ ಸೂಪರ್, ಒಪ್ಕೋತೀನಿ. ಆದ್ರೆ ಅಸಲಿ ಗ್ಯಾಂಗ್ ಜಾಸ್ತಿ ದೋಚಿದ್ದು ಸಣ್ಣಪುಟ್ಟ ಅಂಗಡಿ, ಪೆಟ್ರೋಲ್ ಬಂಕ್‌ಗಳನ್ನ, ಅಂದ್ರೆ ನಮ್ಮಂಥೋರನ್ನೇ! ಕೊಂದೋರಲ್ಲಿ ಪೊಲೀಸ್ರ ಜೊತೆ ಅಂಗಡಿಯವ್ರೂ ಇದ್ರು. 1933ರ ಕಾರ್ ಆಕ್ಸಿಡೆಂಟಲ್ಲಿ ಕಾಲು ಸುಟ್ಕೊಂಡ ಬಾನಿ ಆಮೇಲೆ ಸರಿಯಾಗಿ ನಡೀಲೇ ಇಲ್ಲ, ತೆರೆ ಮೇಲೆ ಮಾತ್ರ ಬಾನಿ ಪಾತ್ರದ ಫೇ ಡನವೇ ಕೊನೇವರೆಗೂ ಮಾಡೆಲ್ ಥರ ಇರ್ತಾಳೆ. ಅವರನ್ನ ಬೇಟೆಯಾಡಿದ ಪೊಲೀಸ್ ಅಧಿಕಾರಿ ಫ್ರಾಂಕ್ ಹೇಮರ್‌ನನ್ನ ಈ ಗ್ಯಾಂಗ್ ಹಿಡಿದು ಅವಮಾನ ಮಾಡೋ ಸೀನಂತೂ ಶುದ್ಧ ಕಟ್ಟುಕಥೆ, ಅವನ ಹೆಂಡ್ತಿ ಇದಕ್ಕೆ ಕೇಸೇ ಹಾಕಿದ್ರು.

ಇನ್ನೊಂದು, ಇವ್ರೆಲ್ಲ ಬೇಗ ಸತ್ರು. ಬಾನಿ-ಕ್ಲೈಡ್ 1934ರ ಮೇನಲ್ಲಿ, ಆಗಿನ ಇನ್ನೊಬ್ಬ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್ ಅದೇ ವರ್ಷ ಜುಲೈನಲ್ಲಿ, ಅದೂ ಸಿನಿಮಾ ನೋಡಿ ಥಿಯೇಟರಿಂದ ಆಚೆ ಬರುವಾಗ. ಇಂಥ ಕ್ಲೈಮ್ಯಾಕ್ಸ್ ಪುಕ್ಕಟೆ ಸಿಕ್ರೆ ಯಾವ ಡೈರೆಕ್ಟರ್ ಬಿಡ್ತಾನೆ ಹೇಳಿ.